ರಾತ್ರಿ ಎಂಟರ ಊಟ

ಮೊದಲು ಹೋದ ಮಾತು ‘ತಂಬಿಗೆ’.

ದೀಪಾವಳಿ ಮುಗಿದ ನಾಲ್ಕನೆಯ ದಿನ, ಸೋಮವಾರ, ಬೆಳಿಗ್ಗೆ ಆರೂವರೆ. ದೊಡ್ಡಪ್ಪ ಹಿತ್ತಲಿನ ಕಟ್ಟೆಯ ಮೇಲೆ ಕೂತು ಹಲ್ಲುಜ್ಜುತ್ತಿದ್ದರು. ನನ್ನ ಕಡೆ ಕೈ ಚಾಚಿ, “ಬಾಳಾ, ಅದನ್ನ ಕೊಡು. ಅದು... ನೀರಿಂದು,” ಅಂದರು. ತಂಬಿಗೆ ಕೊಟ್ಟೆ. ಅದನ್ನು ತಿರುಗಿಸಿ ತಿರುಗಿಸಿ ನೋಡಿದರು. ಎಲ್ಲೋ ಕಂಡ ಮುಖ, ಹೆಸರು ನೆನಪಾಗುತ್ತಿಲ್ಲ ಎನ್ನುವಂತೆ.

ದೊಡ್ಡಪ್ಪ ನನ್ನ ತಂದೆಯ ಅಣ್ಣ. ದಿಲ್ಲಿಯಲ್ಲಿ ಮಂತ್ರಿ. ಹಬ್ಬಕ್ಕೆಂದು ಅಥಣಿಯ ಮನೆಗೆ ಬಂದಿದ್ದರು. ದೊಡ್ಡಮ್ಮ ತೀರಿ ಬಹಳ ವರ್ಷವಾಗಿತ್ತು; ಮಕ್ಕಳಿಲ್ಲ. ಕನ್ನಡ, ಮರಾಠಿ, ಹಿಂದಿ ಯಾವುದರಲ್ಲೇ ಆಗಲಿ, ಚೀಟಿ ಹಿಡಿಯದೆ ಒಂದೂವರೆ ತಾಸು ಭಾಷಣ ಮಾಡುತ್ತಿದ್ದ ಮನುಷ್ಯ. ‘ಬಾಳಾ’ ಅಂದರೆ ಮಗು; ಮನೆಯ ಹುಡುಗಿ ನಾನು, ಬಿ.ಎಸ್ಸಿ. ಎರಡನೆಯ ವರ್ಷ. ಎಲ್ಲವನ್ನೂ ದಿನಾಂಕ ಹಾಕಿ ಬರೆದಿಡುವುದು ನನ್ನ ಚಟ. ಅಂದು ಬರೆದೆ: ‘ಒಂದನೆಯ ದಿನ. ತಂಬಿಗೆ.’ ಯಾಕೆ ಒಂದನೆಯ ದಿನ ಎಂದು ಬರೆದೆನೋ ಗೊತ್ತಿಲ್ಲ. ಬರೆದಾಗಿತ್ತು.

ನಾಲ್ಕನೆಯ ದಿನ ಸಹಿ ಕೆಟ್ಟಿತು. ಆರನೆಯ ದಿನ ಬಲಗೈಯಿಂದ ಪೆನ್ನು ಜಾರಿತು. ಮಿರಜಕ್ಕೆ ಹೋದೆವು, ಅಲ್ಲಿಂದ ಮುಂಬೈಗೆ ಕಳಿಸಿದರು. ಸ್ಕ್ಯಾನ್ ಆಯಿತು. ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅಪ್ಪನಿಗೆ ಹೇಳುವಾಗ ಫಿಲ್ಮಿನ ಕವರು ಹಿಡಿದುಕೊಂಡು ನಾನು ಪಕ್ಕದಲ್ಲೇ ನಿಂತಿದ್ದೆ.

ಮಿದುಳಿನ ಎಡಭಾಗದಲ್ಲಿ ಟ್ಯೂಮರ್. ಆಪರೇಷನ್ ಆಗುವ ಜಾಗವಲ್ಲ.

ಮಾತು ಇನ್ನು ನಾಲ್ಕೈದು ವಾರ. ಜೀವ ಅದಕ್ಕಿಂತ ಸ್ವಲ್ಪ ಹೆಚ್ಚು.

ಒಳಗೆ ಹೋದ ಅಪ್ಪ ದೊಡ್ಡಪ್ಪನಿಗೆ, “ನರದ ವೀಕ್ನೆಸ್ ಐತಂತ ಅಣ್ಣಾ. ಎರಡ ತಿಂಗಳ ರೆಸ್ಟ್ ತಗೊಂಡ್ರ ಮೊದಲಿನಗತೆ ಭಾಷಣ ಮಾಡಬೌದಂತ,” ಅಂದ. ದೊಡ್ಡಪ್ಪ ನಕ್ಕರು. ಅಂದು ಸಂಜೆ ಆಸ್ಪತ್ರೆಯ ದೇವರ ಪಟದ ಮುಂದೆ ನಿಲ್ಲಿಸಿ ಅಪ್ಪ ನನ್ನಿಂದ ಮಾತು ತೆಗೆದುಕೊಂಡ: ಯಾರಿಗೂ ಹೇಳಬಾರದು. ದೊಡ್ಡಪ್ಪನಿಗಂತೂ ಹೇಳಲೇಬಾರದು.

ಚುನಾವಣೆ ಹತ್ತಿರ ಬಂದಿತ್ತು. ಟಿಕೆಟ್ಟಿನ ಪಟ್ಟಿ ಹೊರಬೀಳುವ ತನಕ ನಿಜವಾದ ಕಾಯಿಲೆ ಹೊರಬೀಳಬಾರದು, ವಿಶ್ರಾಂತಿ ಎಂದಷ್ಟೇ ಹೇಳಬೇಕೆಂದು ಪಕ್ಷದ ಮೇಲಿನವರ ಅಪ್ಪಣೆ. ಮೊದಲೇ ಸುದ್ದಿಯಾದರೆ ಆ ಜಾಗಕ್ಕೆ ಎದುರು ಗುಂಪಿನವರು ನುಗ್ಗುತ್ತಾರೆ. ಸುದ್ದಿಯಾಗದಿದ್ದರೆ ಕೊನೆಯ ಗಳಿಗೆಯಲ್ಲಿ ತಮ್ಮನ ಹೆಸರು ಸೇರಿಸಬಹುದು. ತಮ್ಮ ಅಂದರೆ ನನ್ನ ಅಪ್ಪ.

ಹತ್ತೊಂಬತ್ತನೆಯ ದಿನ ಅಥಣಿಗೆ ಮರಳಿದೆವು. ನನ್ನ ಕಾಲೇಜು ನಿಂತಿತು. ಬೆಳಿಗ್ಗೆ ಆರಕ್ಕೆ ಟೆಂಪರೇಚರ್, ಏಳಕ್ಕೆ ಮಾತ್ರೆ, ಒಂಬತ್ತಕ್ಕೆ ಮೈ ಒರೆಸುವುದು. ಸಂಜೆಯ ಗಂಜಿ ಮಾತ್ರ ಗಡಿಯಾರ ನೋಡಿ ಅಲ್ಲ, ಅಡುಗೆಮನೆಯ ಕ್ಯಾಲೆಂಡರ್ ನೋಡಿ. ಅದರಲ್ಲಿ ಪ್ರತಿದಿನದ ಸೂರ್ಯಾಸ್ತ ಇರುತ್ತದೆ. ಹೊತ್ತು ಮುಳುಗಿದ ಮೇಲೆ ಉಣ್ಣುವುದಿಲ್ಲವೆಂಬುದು ನಮ್ಮ ಜೈನರ ನೇಮ. ಈಗ ಎಲ್ಲರೂ ಪಾಲಿಸುತ್ತಾರೆಂದು ಹೇಳಲಾರೆ. ದೊಡ್ಡಪ್ಪ ಹದಿನೆಂಟನೆಯ ವಯಸ್ಸಿನಲ್ಲಿ ಮುನಿಗಳ ಮುಂದೆ ವ್ರತ ಹಿಡಿದವರು. ದಿಲ್ಲಿಯ ಔತಣಗಳಲ್ಲೂ ಬರಿಗೈಲಿ ಕೂತು ಎದ್ದು ಬರುತ್ತಿದ್ದರು. ಅದು ನಮ್ಮ ಸುತ್ತಿನ ಊರುಗಳಲ್ಲಿ ಅವರ ಹೆಸರಿಗಿಂತ ಹೆಚ್ಚು ಪ್ರಸಿದ್ಧ.

ದಿನಾ ಬೆಳಿಗ್ಗೆ ಒಂದು ತಟ್ಟೆಯಲ್ಲಿ ಇಪ್ಪತ್ತು ವಸ್ತು ಇಟ್ಟು ಹೆಸರು ಕೇಳುತ್ತಿದ್ದೆ. ಚಮಚ, ಕೀಲಿಕೈ, ಬಾಚಣಿಕೆ, ಕನ್ನಡಕ. ಮೊದಲ ದಿನ, “ಪಾರ್ಲಿಮೆಂಟಿನ್ಯಾಗೂ ಇಷ್ಟ ಪ್ರಶ್ನೆ ಕೇಳಂಗಿಲ್ಲ ಬಾಳಾ,” ಎಂದು ನಕ್ಕಿದ್ದರು. ಇಪ್ಪತ್ತನೆಯ ದಿನ ಹದಿನಾರು ಸರಿ. ಇಪ್ಪತ್ತೇಳನೆಯ ದಿನ ಹನ್ನೆರಡು.

ಪ್ರತಿ ಸಲ ತಟ್ಟೆ ಎತ್ತುವಾಗ ಅವರು ಹೇಳುತ್ತಿದ್ದುದು ಒಂದೇ. “ಮಾತು ಚಂದಾಗಿ ಬರಲಿ. ನಾನ ಐಗಳಿಗೆ ಹೋಗ್ತೀನಿ. ಆಕಿ ಜೋಡಿ ಮಾತಾಡೂದೈತಿ.”

ಐಗಳಿ ಎಂಬ ಊರಿನಲ್ಲಿರುವುದು ಅವರ ತಂಗಿ, ನನ್ನ ಅತ್ತೆ. ಹದಿನಾಲ್ಕು ವರ್ಷದ ಹಿಂದೆ ಅತ್ತೆಯ ಗಂಡ ತೀರಿಕೊಂಡಾಗ ದೊಡ್ಡಪ್ಪ ಮಣ್ಣಿಗೆ ಬರಲಿಲ್ಲ. ‘ವಿಪರೀತ ಜ್ವರ, ಏಳಲಾಗುತ್ತಿಲ್ಲ’ ಎಂದು ದಿಲ್ಲಿಯಿಂದ ತಂತಿ ಬಂತು. ಮರುದಿನದ ಪೇಪರಿನಲ್ಲಿ ಒಂದು ಫೋಟೊ: ವೇದಿಕೆ, ಕೊರಳಲ್ಲಿ ಹಾರ, ನಗು. ಅಂದಿನಿಂದ ಅತ್ತೆ ಈ ಮನೆಯ ನೀರು ಮುಟ್ಟಿಲ್ಲ.

ನಾನು ಕಾಗದ ಬರೆದೆ. ಕಾಯಿಲೆ ಏನೆಂದು ಬರೆಯುವಂತಿರಲಿಲ್ಲ. ‘ಒಮ್ಮೆ ಬಂದು ಹೋಗಿ’ ಎಂದಷ್ಟೇ ಬರೆದೆ. ಉತ್ತರ ಕಾರ್ಡಿನಲ್ಲಿ ಬಂತು. ‘ಆರಾಮ ಇದ್ದಾನೆಂದು ಪೇಪರಿನಲ್ಲಿ ದಿನಾ ಓದುತ್ತಿದ್ದೇನೆ. ಆರಾಮ ಇದ್ದವನು ತಾನೇ ಬರಲಿ.’

ಆ ಪೇಪರಿನ ಸುದ್ದಿ ಹೊರಡುತ್ತಿದ್ದುದು ನನ್ನ ನೋಟ್‌ಬುಕ್ಕಿನಿಂದಲೇ. ಪಕ್ಷದವರು ಬೆಂಗಳೂರಿನಿಂದ ಹೊಸ ಪಿ.ಎ. ಒಬ್ಬರನ್ನು ಕಳಿಸಿದ್ದರು. ರಾಜಶೇಖರ್ ಎಂದು. ಊಟ ನಿದ್ರೆ ಲಾಡ್ಜಿನಲ್ಲಿ. ಸಂಜೆ ಬಂದು ನನ್ನ ಅಂಕಿಗಳನ್ನು ನೋಡಿ ಬುಲೆಟಿನ್ ಹೇಳುತ್ತಿದ್ದರು. ನಾನು ಅಚ್ಚುಕಟ್ಟಾಗಿ ಬರೆದುಕೊಡುತ್ತಿದ್ದೆ. ಟ್ರಂಕ್ ಕಾಲ್‌ನಲ್ಲಿ ಅದು ಹೋಗುತ್ತಿತ್ತು. ಎಂಟು ಸರಿ, ಹನ್ನೆರಡು ತಪ್ಪು ಎಂಬುದು ‘ಆರೋಗ್ಯ ಸ್ಥಿರವಾಗಿದೆ’ ಆಗುತ್ತಿತ್ತು. ಎರಡು ಸಲ ವಾಂತಿ ಎಂಬುದು ‘ಲಘು ಅಜೀರ್ಣ’. ಇಪ್ಪತ್ತೆರಡು ಬುಲೆಟಿನ್ನುಗಳು. ಎಲ್ಲವೂ ನನ್ನ ಕೈಬರಹ.

ಮೂವತ್ತೈದನೆಯ ದಿನ ಡಾಕ್ಟರು ಮಿರಜದಿಂದ ಬಂದರು. ಜೀಪಿನವರೆಗೂ ಹಿಂದೆ ಹೋದೆ.

“ಅವ್ರಿಗೆ ಹೇಳ್ರಿ ಡಾಕ್ಟರ್. ಇನ್ನೂ ಮಾತು ಅದಾವು. ಆರಾಮ ಆದಮ್ಯಾಲೆ ಐಗಳಿಗೆ ಹೋಗ್ತೀನಂತ ಕಾಯಾಕತ್ತಾರ.”

“ನಿನಗ ಹೇಳೂದು ಸಸಾರ ಬಾಳಾ. ಮ್ಯಾಲಿಂದ ಹೇಳ್ಯಾರ. ನಿಮ್ಮಪ್ಪನೂ ಬ್ಯಾಡ ಅಂದಾರ.”

“ಪೇಶಂಟ್ ಯಾರ್ರಿ? ಮ್ಯಾಲಿನವ್ರೋ, ದೊಡ್ಡಪ್ಪೋ?”

ಅವರು ಬ್ಯಾಗಿನ ಜಿಪ್ ಎಳೆದರು. “ಬಿ.ಪಿ. ನೂರಾ ಮೂವತ್ತು, ಎಂಬತ್ತು. ಬರಕೋ,” ಅಂದರು.

ಬರೆದುಕೊಂಡೆ.

ನಲವತ್ತನೆಯ ದಿನ ಇಪ್ಪತ್ತರಲ್ಲಿ ಐದು. ನಲವತ್ತೊಂದನೆಯ ದಿನವೂ ಐದು. ಅಂದು ಸಂಜೆ ಪಿ.ಎ. ನನ್ನ ಎದುರು ಕೂತು ಹಣೆ ತಿಕ್ಕಿಕೊಂಡರು. “ದಿನಾ ಸ್ಥಿರ ಸ್ಥಿರ ಅಂದ್ರೆ ಜನಕ್ಕೆ ಅನುಮಾನ ಬರುತ್ತಮ್ಮ. ಸ್ವಲ್ಪ ಮನೆ ಥರ ಏನಾದ್ರೂ ಹಾಕೋಣ. ಬರ್ಕೊಳ್ಳಿ: ಮಾನ್ಯ ಸಚಿವರು ರಾತ್ರಿ ಎಂಟು ಗಂಟೆಗೆ ಕುಟುಂಬದವರ ಜೊತೆ ಹರಟುತ್ತಾ ಲಘು ಭೋಜನ ಸೇವಿಸಿ ವಿಶ್ರಮಿಸಿದರು.”

ಪೆನ್ನು ನಿಂತಿತು.

“ಯಾಕಮ್ಮ? ಸರಿ ಇಲ್ವಾ?”

ರಾತ್ರಿ ಎಂಟು ಗಂಟೆಗೆ. ಇದನ್ನು ಓದಿದ ಕ್ಷಣ ಅಥಣಿ, ಕಾಗವಾಡ, ರಾಯಬಾಗದ ಯಾವ ಜೈನರ ಮನೆಯಲ್ಲೂ ನಂಬುವವರಿರುವುದಿಲ್ಲ. ಐಗಳಿಯಲ್ಲೂ.

“ಸರಿ ಐತ್ರಿ,” ಅಂದೆ. ಬರೆದೆ. ಬಾಯಿ ಬಿಟ್ಟು ಯಾರಿಗೂ ಹೇಳಲಿಲ್ಲ. ಕೊಟ್ಟ ಮಾತು ಮುರಿಯಲಿಲ್ಲ ಎಂದು ಸಮಾಧಾನ ಮಾಡಿಕೊಂಡೆ.

ಮರುದಿನ ಬೆಳಿಗ್ಗೆ ರೇಡಿಯೊದಲ್ಲಿ ಬಂತು. ಎಂಟಕ್ಕೆ ಮನೆಯ ಮುಂದೆ ಆರು ಜನ. ಒಂಬತ್ತಕ್ಕೆ ಎಣಿಸಲಾಗಲಿಲ್ಲ. ಕೆಲವರ ಕೈಯಲ್ಲಿ ಹಾರಗಳಿದ್ದವು. ಕಿಟಕಿಯ ಹಿಂದಿನಿಂದ ಕೇಳುತ್ತಿತ್ತು.

“ಎಚ್ಚರ ಇದ್ದ ಮನಷ್ಯಾ ರಾತ್ರಿ ಉಂಡಾನ? ಅವ್ರು? ಸುಳ್ಳ ಬೇ!”

“ಸತ್ತು ಎರಡ ದಿನ ಆಗೇತಂತ. ಬರ್ಫಿನ್ಯಾಗ ಇಟ್ಟಾರಂತ.”

“ಇಲ್ಲಂದ್ರ ವ್ರತಾ ಬಿಟ್ಟಿರಬೇಕ. ದಿಲ್ಲಿ ನೀರ ಕುಡದ ಮ್ಯಾಲೆ ಏನ ನೇಮರಿ?”

ಈ ಮೂರನೆಯ ಮಾತನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಆಮೇಲೆ ಯಾರೋ ಕೂಗಿದರು, “ಸಾಹೇಬ್ರು ಅಮರ್ ರಹೇ!” ನೂರು ಬಾಯಿ ಅದನ್ನು ಎತ್ತಿಕೊಂಡವು.

ದೊಡ್ಡಪ್ಪ ಮಂಚದ ಮೇಲೆ ಕಣ್ಣು ತೆರೆದೇ ಮಲಗಿದ್ದರು. ಕೇಳಿಸಿಕೊಂಡರು. ಸತ್ತವರಿಗೆ ಮಾತ್ರ ಹಾಕುವ ಘೋಷಣೆ ಅದು. ಅವರೇ ಎಷ್ಟೋ ಜನರ ಹೆಣದ ಮುಂದೆ ಕೂಗಿದ್ದರು.

ಅಪ್ಪ ಮತ್ತು ಪಿ.ಎ. ಓಡಿ ಬಂದರು. ಬಿಳಿ ಟೊಪ್ಪಿಗೆ ಹಾಕಿದರು. ಎತ್ತಿ ಮಾಳಿಗೆಯ ಗ್ಯಾಲರಿಗೆ ಒಯ್ದರು. ಬಲಗೈ ಏಳುತ್ತಿರಲಿಲ್ಲ. ಪರದೆಯ ಹಿಂದೆ ನಿಂತ ಅಪ್ಪ ಅಣ್ಣನ ಮೊಣಕೈ ಹಿಡಿದು ಮೇಲೆತ್ತಿದ, ಇಳಿಸಿದ, ಮತ್ತೆ ಎತ್ತಿದ. ಕೆಳಗೆ ತಲೆಗಳೆಲ್ಲ ಮೇಲೆದ್ದವು. ಆಮೇಲೆ ‘ಅಮರ್ ರಹೇ’ ಎಂದವರೇ ‘ಝಿಂದಾಬಾದ್’ ಎಂದರು. ಹಾರಗಳನ್ನು ಎಲ್ಲಿ ಇಡಬೇಕೆಂದು ತಿಳಿಯದೆ ಬೇಲಿಗೆ ತೂಗುಹಾಕಿ ಹೋದರು. ಕೈ ಬೀಸಿದ್ದು ಹನ್ನೊಂದು ಸಲ.

ಕೋಣೆಗೆ ತಂದು ಮಲಗಿಸಿ ಅವರು ಹೊರಗೆ ಹೋದ ಮೇಲೆ ದೊಡ್ಡಪ್ಪ ಎಡಗೈಯಿಂದ ಬೇಲಿಯ ಕಡೆ ತೋರಿಸಿದರು. ಹಾರಗಳು. ಆಮೇಲೆ ತಮ್ಮ ಎದೆ ಮುಟ್ಟಿಕೊಂಡರು.

“ನಂದು?”

“ಹೌದ್ರಿ ದೊಡ್ಡಪ್ಪ,” ಅಂದೆ. “ತಲಿಯಾಗ ಗಂಟು ಐತ್ರಿ. ಮಾತು ತಿರುಗಿ ಬರಂಗಿಲ್ಲ. ಮೊದಲ ಗೊತ್ತಿತ್ತು. ಎಲ್ಲಾರಿಗೂ.”

ಎಡಗೈ ಬೀಸಿ ಕೆನ್ನೆಗೆ ಹೊಡೆದರು.

ಜೀವಮಾನದಲ್ಲಿ ಅವರು ನನ್ನನ್ನು ಹೊಡೆದದ್ದು ಅದೊಂದೇ ಸಲ. ನೋಟ್‌ಬುಕ್ಕಿನಲ್ಲಿದೆ. ಸಮಯ ಹತ್ತೂಕಾಲು. ಅದು ನನಗೆ ಸಲ್ಲಬೇಕಾದದ್ದೇ.

ಆಮೇಲೆ ಹೇಳಿದರು, “ಐಗಳಿ.”

ಹೇಳಿ ಕಳಿಸುವ ಅಗತ್ಯವೇ ಬೀಳಲಿಲ್ಲ. ಮಧ್ಯಾಹ್ನ ಎರಡರ ಬಸ್ಸಿಗೆ ಅತ್ತೆ ತಾನೇ ಬಂದಳು. ಹೊಸ್ತಿಲ ಹೊರಗೇ ನಿಂತಳು.

“ಸತ್ತಾನಂತ ಬಂದೆ,” ಅಂದಳು. “ಇದ್ದಾನಂದ್ರ ಹೊಳ್ಳಿ ಹೋಗ್ತೀನಿ.”

“ಅತ್ತಿ, ಒಳಗ ಬರ್ರಿ. ಮಾತು ಐದ ಉಳದಾವು.”

ಏನು ಅರ್ಥವಾಯಿತೋ, ಬಂದಳು. ಮಂಚದ ಹತ್ತಿರ ಕೂರಲಿಲ್ಲ, ನಿಂತಳು. ದೊಡ್ಡಪ್ಪನ ತುಟಿ ಆಡಿತು. ಬಹಳ ಹೊತ್ತು ಆಡಿತು.

“ಜ್ವರ...”

ಅತ್ತೆ ಬಗ್ಗಿ ಹಣೆ ಮುಟ್ಟಿದಳು. ಹದಿನಾಲ್ಕು ವರ್ಷದಲ್ಲಿ ಮೊದಲ ಸಲ. “ಜ್ವರ ಇಲ್ಲಲ್ಲ. ತಣ್ಣಗ ಐತಿ.”

ಅವರು ತಲೆ ಅಲ್ಲಾಡಿಸಿದರು. ಕೊರಳ ನರ ಉಬ್ಬಿತು. ಎಷ್ಟು ದೂರದಿಂದ ಎಳೆದು ತಂದರೋ.

“ಜ್ವರ... ಇರಲಿಲ್ಲ.”

ಅತ್ತೆಯ ಕೈ ಹಣೆಯ ಮೇಲೇ ಇತ್ತು.

“ಗೊತ್ತಿತ್ತು,” ಅಂದಳು. “ಪೇಪರಿನ್ಯಾಗ ನೋಡಿದ್ನಿ. ನಿನ್ನ ಬಾಯಿಲೆ ಕೇಳಬೇಕಿತ್ತು. ಇಷ್ಟ ಹೇಳಾಕ ಇಷ್ಟ ವರ್ಷ ಬೇಕಾತೇನ ಅಣ್ಣಾ? ಅವತ್ತ ಹೇಳಿದ್ರ ಒಂದ ದಿನ ಬೈದು ಸುಮ್ಮಾಗತಿದ್ನಿ.”

ನಾನು ನೀರು ತಂದೆ. ಅತ್ತೆ ಕುಡಿಯಲಿಲ್ಲ. ಆದರೆ ಲೋಟ ತೆಗೆದುಕೊಂಡಳು. ಚಮಚದಿಂದ ಅಣ್ಣನ ಬಾಯಿಗೆ ಹಾಕಿದಳು. ಆರು ಚಮಚ. ಕೊನೆಯ ಬಸ್ಸಿಗೆ ಹೋಗಲೂ ಇಲ್ಲ. ಕೊನೆಯ ದಿನದವರೆಗೂ ಇದ್ದಳು, ಪಕ್ಕದ ಮನೆಯಿಂದ ನೀರು ತರಿಸಿಕೊಂಡು.

ಮರುದಿನ ತಟ್ಟೆ ಇಟ್ಟೆ. ಚಮಚ ತೋರಿಸಿದೆ. “ಇರಲಿಲ್ಲ.” ಕೀಲಿಕೈ. “ಇರಲಿಲ್ಲ.” ಬೇರೆಲ್ಲ ಹೋಗಿ ಅದೊಂದೇ ಉಳಿದಿತ್ತು. ಹಸಿವೆಗೂ ಅದೇ, ನೋವಿಗೂ ಅದೇ. ಅಪ್ಪ ಕಾಲ ಬುಡದಲ್ಲಿ ಕೂತು, “ಅಣ್ಣಾ, ನನ್ನ ಹೆಸರಿಗೆ ನಿಂದು ಒಪ್ಪಿಗಿ ಐತಲ್ಲ?” ಎಂದು ಕೇಳಿದ. ಅವನಿಗೂ ಅದನ್ನೇ ಹೇಳಿದರು. ತಟ್ಟೆಯನ್ನು ನಾನು ಮತ್ತೆ ಇಡಲಿಲ್ಲ.

ಅರವತ್ತೊಂದನೆಯ ದಿನ, ಶುಕ್ರವಾರ ಮಧ್ಯಾಹ್ನ, ಹೋದರು. ‘ಹಠಾತ್ ಹೃದಯಾಘಾತ’ ಎಂದು ಬುಲೆಟಿನ್. ಅದನ್ನು ನಾನು ಬರೆದುಕೊಡಲಿಲ್ಲ, ಪಿ.ಎ. ತಾವೇ ಬರೆದರು. ಟಿಕೆಟ್ ಎದುರು ಗುಂಪಿಗೆ ಹೋಯಿತು. ನೋಟ್‌ಬುಕ್ಕನ್ನು ಒಲೆಗೆ ಹಾಕು ಎಂದು ಅಪ್ಪ ಮೂರು ಸಲ ಹೇಳಿದ್ದಾನೆ. ಅದು ಅತ್ತೆಯ ಟ್ರಂಕಿನಲ್ಲಿ ಐಗಳಿಗೆ ಹೋಗಿದೆ.

ಐದು ತಿಂಗಳಾಯಿತು. ಅವರಿಗೆ ಹೇಳುವುದಕ್ಕೆ ನಲವತ್ತೆರಡನೆಯ ದಿನದವರೆಗೆ ತಡಮಾಡಿದೆ. ಆದರೂ ಎರಡು ಮಾತು ಉಳಿದಿದ್ದವು, ಕೇಳುವವಳು ಬಂದಳು. ಅಷ್ಟಕ್ಕೆ ಕೈ ಮುಗಿಯುತ್ತೇನೆ. ಅದಕ್ಕಿಂತ ಹೆಚ್ಚು ಸಮಾಧಾನ ಕೇಳುವ ಯೋಗ್ಯತೆ ನನಗಿಲ್ಲ. ಹೋದ ವಾರ ಬಸದಿಯ ಮೆಟ್ಟಿಲ ಮೇಲೆ ಒಬ್ಬ ಅಜ್ಜ ನನ್ನನ್ನು ತಡೆದು ನಿಲ್ಲಿಸಿದರು. “ಏನವಾ, ನಿಮ್ಮ ದೊಡ್ಡಪ್ಪ ಕೊನಿಗಾಲಕ್ಕ ರಾತ್ರಿ ಉಂಡ್ರಂತಲ್ಲ? ರೇಡಿಯೋದಾಗ ಬಂದಿತ್ತು.” ಐವತ್ತು ವರ್ಷದ ವ್ರತ ನನ್ನ ಕೈಬರಹದಲ್ಲಿ ಮುರಿದು ಬಿದ್ದಿದೆ. ಅವರಿಗೆ ತಂಗಿಯನ್ನು ಕೊಡಿಸಲು ನಾನು ಕೊಟ್ಟದ್ದು ನನ್ನದನ್ನಲ್ಲ, ಅವರದನ್ನು. ಅವರನ್ನು ಕೇಳದೆ. ಅಪ್ಪ, ಡಾಕ್ಟರು, ಪಿ.ಎ. ಮಾಡಿದಂತೆಯೇ.

ಅದಕ್ಕೇ ಇದನ್ನು ಬರೆದೆ. ನಲವತ್ತೊಂದನೆಯ ದಿನದ ಪುಟದಲ್ಲಿ ಇರುವುದು ಇಷ್ಟು: ಸಂಜೆ ಐದು ಗಂಟೆ ಇಪ್ಪತ್ತು ನಿಮಿಷ. ಜೋಳದ ಗಂಜಿ, ಒಂಬತ್ತು ಚಮಚ. ಬಾಯಿ ಮುಕ್ಕಳಿಸಿದ್ದು ಐದೂವರೆಗೆ. ಸೂರ್ಯಾಸ್ತ, ಕ್ಯಾಲೆಂಡರಿನ ಪ್ರಕಾರ, ಆರು ದಾಟಿ ನಾಲ್ಕು ನಿಮಿಷ. ಆಮೇಲೆ ಏನೂ ಇಲ್ಲ.