ಕೊಂಡವಾಡದ ಮೇವು

ಬರವಣಿಗೆಯಲ್ಲಿ ತಪ್ಪುಗಳಿದ್ದರೆ ಓದುಗರು ಮನ್ನಿಸಬೇಕು. ನಮ್ಮ ಮನೆಯಲ್ಲಿ ಮೊದಲು ಓದಿದವನು ನಾನೇ, ತಿದ್ದುವವರಿರಲಿಲ್ಲ.

ಎಪ್ಪತ್ತರ ದಶಕದಲ್ಲಿ ನನ್ನ ತಂದೆಯವರು ಸಿಂದಗಿ ತಾಲ್ಲೂಕಿನ ನಮ್ಮೂರ ಪಂಚಾಯತಿಯ ಕೊಂಡವಾಡ ಕಾಯುತ್ತಿದ್ದರು. ಬೆಳೆ ಮೇಯ್ದ ದನಗಳನ್ನು ದಂಡ ಕಟ್ಟುವವರೆಗೆ ಅಲ್ಲಿ ಕೂಡಿಹಾಕುತ್ತಿದ್ದರು. ಒಂದು ವರ್ಷದ ಲೆಕ್ಕಪತ್ರದ ಸಭೆಯಲ್ಲಿ, ಬೀದಿದೀಪದ ಎಣ್ಣೆಗೆ ಹಣ ಸಾಲದೆಂದು, ಆ ದನಗಳ ಮೇವಿನ ಖರ್ಚನ್ನು ತೆಗೆದುಹಾಕಿದರು. ಅಂದಿನಿಂದ ತಂದೆಯವರು ನಮ್ಮ ಎಮ್ಮೆಯ ಮೇವಿಗೆಂದು ಇಟ್ಟಿದ್ದ ಜೋಳದ ಕಣಿಕೆಯನ್ನೇ ಅಲ್ಲಿಗೆ ಹೊತ್ತೊಯ್ಯತೊಡಗಿದರು.

“ಪಂಚಾಯ್ತಿಯವ್ರು ಠರಾವು ಮಾಡ್ಯಾರ, ನಿಮಗ್ಯಾಕ್ರಿ ಈ ಉಸಾಬರಿ?” ಎಂದು ತಾಯಿ ಸಿಡುಕಿದರು.

“ಹಸದ ದನಕ್ಕ ಆ ಠರಾವು ನೀನ ಹೋಗಿ ಓದಿ ಹೇಳು,” ಎಂದರು ತಂದೆ.

ಬೇಸಿಗೆಗೆ ಮೊದಲೇ ನಮ್ಮ ಬಣವೆ ಮುಗಿಯಿತು. ಎಮ್ಮೆಯನ್ನು ದೇವರ ಹಿಪ್ಪರಗಿಯ ಸಂತೆಯಲ್ಲಿ ಮಾರಿದೆವು. ಹಗ್ಗ ಕೊಡುವಾಗ ತಂದೆಯವರು ಅದರ ಮುಖ ನೋಡಲಿಲ್ಲ. ಆಮೇಲೆ ಹಾಲಿನ ಗಳಿಕೆ ನಿಂತಿತು. ತಾಯಿ ಕೂಲಿಗೆ ಹೊರಟರು, ತಂಗಿ ಶಾಲೆ ಬಿಟ್ಟಳು.