ಎಂಜಿನ್ನಿಗೆ ಕ್ಯಾರಮ್ ಪೌಡರ್ ಹಾಕಿದ ಚಾಚಿ

ನವೆಂಬರ್ ೯, ಭಾನುವಾರ, ಬೆಳಿಗ್ಗೆ ಏಳೂ ಕಾಲು. ಗಾಡಿ ತೊಳೆಯಲು ಹೋಗಿ ಹಿಂದಿನ ಸೀಟಿನ ಕೆಳಗೆ ಕೈ ಹಾಕಿದೆ, ಕ್ಯಾರಮ್ ಪೌಡರಿನ ಒಂದು ಡಬ್ಬಿ ಸಿಕ್ಕಿತು. ತಳದಲ್ಲಿ ಇನ್ನೂ ಒಂದು ಚಿಟಿಕೆ ಇತ್ತು. ಬೆರಳಿಗೆ ಆ ನುಣುಪು ತಾಗಿದ್ದೇ ತಡ, ಬಕೆಟ್ಟು ಬಟ್ಟೆ ಅಲ್ಲೇ ಬಿಟ್ಟು ಒಳಗೆ ಬಂದು ಬರೆಯಲು ಕೂತೆ.

ಡಬ್ಬಿ ನೆರೆಮನೆಯ ಚಾಚಿಯದು. ಖಾಸಬಾಗದ ಓಣಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಒಂದೇ ಗೋಡೆ. ಮಧ್ಯಾಹ್ನ ಊಟವಾದ ಮೇಲೆ ಅವರ ಪಡಸಾಲೆಯಲ್ಲಿ ಓಣಿಯ ಹೆಂಗಸರ ಕ್ಯಾರಮ್ ನಡೆಯುತ್ತಿತ್ತು. ಸೋತವರು ಎಲ್ಲರಿಗೂ ಚಹಾ ಮಾಡಬೇಕು. ಚಾಚಿ ಚಹಾ ಮಾಡಿದ್ದನ್ನು ನಾನು ನೋಡಿದ್ದು ಕಡಿಮೆ.

ಅವರ ಅಕ್ಕ ಇದ್ದದ್ದು ಖಾನಾಪುರದಲ್ಲಿ. ಸೊಂಟ ಮುರಿದು ಹಾಸಿಗೆ ಹಿಡಿದಿದ್ದ ಅವರನ್ನು ಎಲ್ಲರೂ ಆಪಾ ಎನ್ನುತ್ತಿದ್ದರು. ಚಾಚಿಗೋ ಮೊಣಕಾಲು ನೋವು, ಬಸ್ಸಿನ ಮೆಟ್ಟಿಲು ಹತ್ತಲಾಗದು. ಹಾಗಾಗಿ ನನ್ನ ರಜೆಯ ದಿನವಾದ ಶುಕ್ರವಾರ, ನಮ್ಮ ಮನೆಯ ಏಳು ಸೀಟಿನ ಹಳೆಯ ಡೀಸೆಲ್ ಗಾಡಿಯಲ್ಲಿ ನಾನೇ ಅವರನ್ನು ಕರೆದುಕೊಂಡು ಹೋಗುತ್ತಿದ್ದೆ. ನಾನಾಗ ಡ್ರೈವಿಂಗ್ ಕಲಿತ ಹೊಸದು. ಬಾಜೂ ಸೀಟಿನಲ್ಲಿ ಕೂತ ಚಾಚಿ, ಇಲ್ಲದ ಬ್ರೇಕನ್ನು ಕಾಲಿನಿಂದ ಒತ್ತುತ್ತಲೇ ಬರುತ್ತಿದ್ದರು...

ಒಂದು ಬೇಸಿಗೆ ಗಾಡಿ ಎಣ್ಣೆ ಸೋರಲು ಶುರುಮಾಡಿತು. ನಾನು ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಕಲೆಯ ಸುತ್ತ ಗೆರೆ ಎಳೆದು ತಾರೀಖು ಬರೆಯುತ್ತಿದ್ದೆ. ಕಲೆ ದಿನೇ ದಿನೇ ಅಗಲವಾಯಿತು. ಗ್ಯಾರೇಜಿನವ ಗಾಡಿಯ ಕೆಳಗೆ ಮಲಗಿ, ಎಂಜಿನ್ನೂ ಗೇರ್‌ಬಾಕ್ಸೂ ಕೂಡುವ ಜಾಗ ತೋರಿಸಿದ. ಹನಿ ಅಲ್ಲಿಂದಲೇ ಬೀಳುತ್ತಿತ್ತು. ಒಳಗೆ ಎಣ್ಣೆ ತಡೆಯುವ ಸೀಲ್ ಹೋಗಿರಬೇಕು, ಗೇರ್‌ಬಾಕ್ಸ್ ಪೂರ್ತಿ ಇಳಿಸಬೇಕು ಎಂದ. ಹಳೆಯ ಗಾಡಿಗೆ ಇಷ್ಟೆಲ್ಲ ಬೇಡ ಎಂದು ಅಪ್ಪ ಮಾರಲು ನಿರ್ಧರಿಸಿದರು. ಭಾನುವಾರ ಬಂದು ನೋಡಿ ಎಂದು ಗಿರಾಕಿಗೆ ಫೋನೂ ಮಾಡಿಬಿಟ್ಟರು.

ಸುದ್ದಿ ಗೋಡೆ ದಾಟಲು ಎಷ್ಟು ಹೊತ್ತು? ಶುಕ್ರವಾರ ಬೆಳಿಗ್ಗೆ ಚಾಚಿ ಡಬ್ಬಿ ಹಿಡಿದು ನಮ್ಮ ಅಂಗಳದಲ್ಲಿ ನಿಂತಿದ್ದರು.

"ಗಾಡಿ ಹೋದ್ರ ಆಪಾನ ಮಾರಿ ನೋಡೂದ ಹೆಂಗ? ವಿಡಿಯೋ ಕಾಲ್ ಮಾಡಿದ್ರ ಆಕಿ ಬರೇ ಫ್ಯಾನ್ ತೋರಸ್ತಾಳ," ಎಂದು ಅಪ್ಪನಿಗೆ ಹೇಳಿ, ನನ್ನ ಕಡೆ ತಿರುಗಿದರು. "ಬೋರ್ಡಿನ ಮ್ಯಾಲ ಜಿಡ್ಡ ಎಲ್ಲೈತಿ ಅಂತ ಕಣ್ಣಿಗೆ ಕಾಣಾಂಗಿಲ್ಲ ಬೇಟಿ. ಪೌಡರ್ ಹಾಕಿದ್ರ ತಾನ ಹೇಳತೈತಿ. ಎಣ್ಣಿ ಬೀಳೂ ಜಾಗಾ ಬ್ಯಾರೆ, ಹುಟ್ಟೂ ಜಾಗಾ ಬ್ಯಾರೆ ಇದ್ದೀತು."

ಅಪ್ಪ ನಕ್ಕರು. "ಭಾನುವಾರದ ತನಕ ಏನರ ಮಾಡ್ಕೋರಿ," ಎಂದರು.

ತಣ್ಣಗಿದ್ದ ಎಂಜಿನ್ನಿನ ಹಳೆಯ ಕೊಳೆಯನ್ನು ಡೀಸೆಲ್ ಮತ್ತು ಬ್ರಶ್ಶಿನಿಂದ ತಿಕ್ಕಿ ತೆಗೆದೆ, ಒಣಬಟ್ಟೆಯಿಂದ ಒರೆಸಿದೆ. ಚಾಚಿ ಬೋರ್ಡಿಗೆ ಹಾಕುವ ಧಾರಾಳದಲ್ಲೇ ಪೌಡರ್ ಸುರಿದರು. ಅಲ್ಲೇ ನಾಲ್ಕು ಹೆಜ್ಜೆ ಓಡಿಸಿ ನೋಡಿದ್ದರೆ ಸಾಕಿತ್ತು. ಆದರೆ ಶುಕ್ರವಾರ! ಆಪಾ ಕಾಯುತ್ತಿರುತ್ತಾರೆ ಎಂದು ಸೀದಾ ಖಾನಾಪುರಕ್ಕೇ ಹೊಡೆದೆವು.

ಆಪಾ ಮನೆಯ ಮುಂದೆ ಬಾನೆಟ್ ಎತ್ತಿದರೆ ಎಲ್ಲ ಕಡೆ ಕಂದು ರಾಡಿ. ಅಷ್ಟು ದೂರ ಓಡಿದ್ದರಿಂದ ಎಣ್ಣೆ ಹರಡಿ, ಪೌಡರಿನ ಜೊತೆ ಕಲಸಿಹೋಗಿತ್ತು. ಕಿಟಕಿಯ ಪಕ್ಕದ ಮಂಚದಿಂದ ಆಪಾ ಇಣುಕಿದರು.

"ಎಂಜಿನ್ನಿಗೆ ಕಣಕ ಹಚ್ಚೀರೇನ? ಹೋಳಿಗಿ ಯಾವಾಗ?"

"ನೀ ಸುಮ್ನ ಮಲಕೋ ಆಪಾ," ಎಂದರು ಚಾಚಿ. ಕೈ ಮಾತ್ರ ಆಗಲೇ ಬಟ್ಟೆ ಹುಡುಕುತ್ತಿತ್ತು.

ಮತ್ತೆ ತೊಳೆದು ಒಣಗಿಸಿದೆವು. ಈ ಸಲ ಚಾಚಿ ಪೌಡರನ್ನು ಅಂಗೈಯಲ್ಲಿಟ್ಟು ತೆಳ್ಳಗೆ ಊದಿದರು. ರೈಲು ನಿಲ್ದಾಣದವರೆಗೆ ಮಾತ್ರ ಹೋಗಿ ತಿರುಗಿ ಬಂದೆವು. ಬಾನೆಟ್ ಎತ್ತಿದಾಗ ಎಂಜಿನ್ ಬೆಳ್ಳಗೇ ಇತ್ತು. ಹಿಂಬದಿಯಲ್ಲಿ ಮಾತ್ರ ದಾರದಂಥ ಒಂದು ಕಂದು ಗೆರೆ. ಕೆಳಗೆ ಅದು ಗೇರ್‌ಬಾಕ್ಸಿನ ಕೂಡುಜಾಗ ಮುಟ್ಟಿತ್ತು. ಟಾರ್ಚ್ ಹಿಡಿದು ಮೇಲಕ್ಕೆ ಹೋದೆ... ಮೇಲೆ, ಇನ್ನೂ ಮೇಲೆ. ಎಂಜಿನ್ನಿನ ನೆತ್ತಿಯ ಮುಚ್ಚಳದ ಹಿಂದಿನ ಮೂಲೆಯಲ್ಲಿ ಗೆರೆ ಹುಟ್ಟಿತ್ತು. ಸೀಲ್ ಅಲ್ಲ! ಆ ಮುಚ್ಚಳದ ಕೆಳಗಿನ ರಬ್ಬರ್ ಪಟ್ಟಿ, ಗ್ಯಾಸ್ಕೆಟ್. ಗೇರ್‌ಬಾಕ್ಸ್ ಇಳಿಸುವ ಮಾತೇ ಇಲ್ಲ. ನಾನು ಕೂಗಿದ್ದು ಕೇಳಿ ಆಪಾ ಒಳಗಿಂದಲೇ ಚಪ್ಪಾಳೆ ತಟ್ಟಿದರು.

ಶನಿವಾರ ಗ್ಯಾರೇಜಿನವ ಮುಚ್ಚಳ ಬಿಚ್ಚಿದ. ಹಳೆಯ ರಬ್ಬರು ಹಪ್ಪಳದ ಹಾಗೆ ಲಟಕ್ಕನೆ ಮುರಿಯಿತು. ಹೊಸದನ್ನು ಕೂರಿಸಿ ಬೋಲ್ಟುಗಳನ್ನು ಹದವಾಗಿ ಬಿಗಿದು, "ಚಾಚಿ, ನೀವೂ ಒಂದ ಗ್ಯಾರೇಜ್ ತಗೀರಿ," ಎಂದ.

"ತಗೀತೇನಿ. ನಿನ್ನ ಮಾತ್ರ ಕೆಲಸಕ್ಕ ಇಟ್ಕೊಳ್ಳಾಂಗಿಲ್ಲ."

ಸಂಜೆ ಊರಿನ ಕ್ಯಾಂಪ್ ಭಾಗದ ರಸ್ತೆಗಳಲ್ಲಿ ಸುತ್ತಾಡಿ ಬಂದು ಹೊಸ ರಟ್ಟು ಹಾಸಿದೆ. ಭಾನುವಾರ ಬೆಳಿಗ್ಗೆ ಅದರ ಮೇಲೆ ಒಂದು ಹನಿಯೂ ಇರಲಿಲ್ಲ. ಚಾಚಿ ಆ ರಟ್ಟನ್ನು ತಲೆಯ ಮೇಲೆತ್ತಿ ಹಿಡಿದು, ಮೊಣಕಾಲು ನೋವು ಮರೆತು, ಓಣಿಯ ಆ ತುದಿಯವರೆಗೆ ನಡೆದರು. ಹೆಂಗಸರೆಲ್ಲ ಬಾಗಿಲಿಗೆ ಬಂದು ನಿಂತರು. ಆ ಹೊತ್ತಿಗೇ ಬಂದ ಗಿರಾಕಿಗೆ ಅಪ್ಪನಿಗಿಂತ ಮೊದಲೇ ಉತ್ತರ ಕೊಟ್ಟವರು ಚಾಚಿ. "ಬರ್ರಿ, ಕುಂದರ್ರಿ, ಚಾ ಕುಡೀರಿ. ಗಾಡಿ ಮಾರಾಂಗಿಲ್ಲ." ಅವತ್ತಿನ ಚಹಾ ಅವರೇ ಮಾಡಿದರು.

ಆಮೇಲೆ ಎಷ್ಟು ಶುಕ್ರವಾರ ಹೋಗಿಬಂದೆವು... ಎಲ್ಲದರ ಲೆಕ್ಕ ಇಡುವ ನಾನು ಅದೊಂದನ್ನು ಎಣಿಸಿಲ್ಲ. ಹೋದ ವರ್ಷ ಚಳಿಗಾಲದಲ್ಲಿ ಚಾಚಿಗೆ ಜ್ವರ ಬಂತು, ಇಳಿಯಲಿಲ್ಲ. ಹಾಸಿಗೆ ಹಿಡಿದ ಅಕ್ಕ ಉಳಿದರು, ಓಡಾಡುತ್ತಿದ್ದ ತಂಗಿ ಹೋದರು.

ನಾನು ಈಗಲೂ ಶುಕ್ರವಾರ ಖಾನಾಪುರಕ್ಕೆ ಹೋಗುತ್ತೇನೆ. ಹೋದ ಕೂಡಲೇ ಆಪಾ ತಂಗಿಯ ಬಗ್ಗೆ ಏನಾದರೂ ಹೇಳು ಎನ್ನುತ್ತಾರೆ. ನನಗೆ ಗೊತ್ತಿದ್ದದ್ದೆಲ್ಲ ಮುಗಿದಿದೆ. ಮೊನ್ನೆ ಎಂಜಿನ್ನಿನ ಕಥೆಯನ್ನೇ ಮತ್ತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ಅದು ನನ್ನ ಕಿಟಕಿ ಮುಂದ ಆಗಿದ್ದು ಬೇಟಿ. ನಾ ನೋಡಲಾರದ್ದು ಒಂದ ಹೇಳ," ಎಂದರು.

ಅಂಥದ್ದು ನನ್ನ ಬಳಿ ಇಲ್ಲ. ಖಾಸಬಾಗದಲ್ಲೋ, ಕ್ಯಾಂಪಿನಲ್ಲೋ, ಎಲ್ಲೇ ಆಗಲಿ, ನಮ್ಮ ಚಾಚಿಯನ್ನು ಕಂಡವರು, ಜೊತೆಗೆ ನಕ್ಕವರು, ಜಗಳವಾಡಿದವರು ಯಾರಾದರೂ ಇದ್ದರೆ ದಯವಿಟ್ಟು ನನಗೆ ಬರೆಯಿರಿ. ಎರಡು ಸಾಲಾದರೂ ಸಾಕು. ಗುರುವಾರದೊಳಗೆ ಕೈಸೇರಿದರೆ, ಮರುದಿನವೇ ಆಪಾರ ಮಂಚದ ಪಕ್ಕ ಕೂತು ಓದಿ ಹೇಳುತ್ತೇನೆ.