ತೊಟ್ಟಿಗೆ ಎರಚಿದ ಮಂಡಕ್ಕಿ

ಸ್ಯಾನ್ ಡಿಯಾಗೊದ ಕರ್ನಿ ಮೆಸಾದಲ್ಲಿ, ಆಫೀಸುಗಳ ಹಿಂದಿನ ಒಂದು ಶೆಡ್ಡಿನಲ್ಲಿ ಅಳಿದುಹೋಗುತ್ತಿರುವ ಸ್ಟರ್ಜನ್ ಮೀನುಗಳನ್ನು ಸಾಕುತ್ತಾರೆ. ನಾನು ನೋಡಲು ಹೋದಾಗ ತೊಟ್ಟಿಯಲ್ಲಿ ಆಳುದ್ದದ ಹೆಣ್ಣುಮೀನೊಂದಿತ್ತು. ದೇವಸ್ಥಾನದ ಹೊಳೆಯಲ್ಲಿ ಮೀನಿಗೆ ತಿನ್ನಲು ಹಾಕಿದ ಅಭ್ಯಾಸ ನನ್ನದು. ದಾರಿಗೆಂದು ತಂದಿದ್ದ ಮಂಡಕ್ಕಿಯನ್ನು ಒಂದು ಹಿಡಿ ಎರಚಿಯೇಬಿಟ್ಟೆ. ಮೀನು ಮೇಲೆ ಬರಲೇ ಇಲ್ಲ.

ಅಲ್ಲಿ ಕೆಲಸ ಮಾಡುವ ಧಾರವಾಡದ ಸವಿತಾ ಬಯ್ಯದೆ ಬಲೆ ತಂದರು.

"ಇದರ ಬಾಯಿ ಹೊಟ್ಟಿ ಕಡೆ ಅದರಿ. ತಳದಾಗ ಬಿದ್ದದ್ದಷ್ಟ ತಿಂತದ."

"ಇದರ ಮರಿಗಳು?"

"ನಾಕು ಊರಾಗಿನ ಇಂಥಾ ಕೇಂದ್ರದವರು ಕೂಡಿ ಸಾಕಿ, ಹೋದ ವರ್ಷ ಉತ್ತರದ ನದಿಗೆ ಬಿಟ್ವಿ. ಅವು ತತ್ತಿ ಇಡಲಿಕ್ಕೆ ಇನ್ನ ಹದಿನೈದು ವರ್ಷ ಬೇಕ್ರಿ."

"ಅಲ್ಲೀವರೆಗೆ ಆ ನದಿ ಉಳಿಯುತ್ತಾ?"

ಸವಿತಾ ಬಲೆಯನ್ನು ನೀರಿಗಿಳಿಸಿದರು. ನೆನೆದ ಮಂಡಕ್ಕಿಯನ್ನು ಒಂದು ಕಾಳೂ ಬಿಡದೆ ಸೋಸಿದರು.

"ಇದು ಕೊಳತ್ರ ನೀರು ಕೆಡ್ತದ್ರಿ" ಎಂದರು, ಮೆಲ್ಲಗೆ.